ಮನೆ ಬಿಟ್ಟ ಮೇಲೂ ಬೆನ್ನು ಬಿಡದ ಕರೆಂಟ್ ಬಿಲ್ಲು: ರೂಮ್‌ಮೇಟ್‌ಗಳ ಬಾಕಿ ಮುಗಿಸುವ ದಾರಿ

ಕೊನೆ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ಶಿವಮೊಗ್ಗದ ವಿನೋಬನಗರ, ಗೋಪಾಳ, ನವುಲೆ ಕಡೆ ಗೂಡ್ಸ್ ಆಟೋದವರಿಗೆ ಕೈ ತುಂಬಾ ಕೆಲಸ. ಹಾಸಿಗೆ, ಬಕೆಟ್, ಇಂಡಕ್ಷನ್ ಸ್ಟೌ, ಪುಸ್ತಕದ ಡಬ್ಬ ಎಲ್ಲವೂ ಊರಿಗೆ ಹೊರಡುತ್ತದೆ. ಬಿಲ್ಲು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಒಬ್ಬ ಬೆಂಗಳೂರಿಗೆ ಹೋಗಿ ಕೆಲಸ ಹುಡುಕುತ್ತಿರುತ್ತಾನೆ, ಇನ್ನೊಬ್ಬ ಸಾಗರದ ತೋಟದಲ್ಲಿ ಇರುತ್ತಾನೆ, ಮತ್ತೊಬ್ಬ ಫೋನೇ ಎತ್ತುವುದಿಲ್ಲ. ಅಗ್ರಿಮೆಂಟ್‌ಗೆ ಸಹಿ ಹಾಕಿದವನಿಗೆ ಓನರ್ ಫೋನ್ ಮಾಡುತ್ತಾರೆ: "ಏನಪ್ಪಾ, ಎರಡು ತಿಂಗಳ ಕರೆಂಟ್ ಬಿಲ್ ಹಾಗೇ ಇದೆಯಲ್ಲ?"

ಇಲ್ಲಿ ಲೆಕ್ಕ ಎರಡು ಇವೆ. ಒಂದು, ಕರೆಂಟ್ ಕಂಪನಿ ಮತ್ತು ಓನರ್ ಜೊತೆಗಿನ ಹೊರಗಿನ ಲೆಕ್ಕ. ಇನ್ನೊಂದು, ನಿಮ್ಮ ನಿಮ್ಮೊಳಗಿನ ಲೆಕ್ಕ. ಈ ಎರಡನ್ನೂ ಒಂದೇ ಸಲಕ್ಕೆ ಮುಗಿಸಲು ಹೋಗುವುದರಿಂದಲೇ ಮುಕ್ಕಾಲು ಪಾಲು ಜಗಳ ಆಗುವುದು. ನನ್ನ ಪ್ರಕಾರ ಮೊದಲು ಹೊರಗಿನದ್ದನ್ನು ತೀರಿಸಿ, ಆಮೇಲೆ ಒಳಗಿನದ್ದನ್ನು ಕೂತು ಬಗೆಹರಿಸಿ.

ಬಿಲ್ಲು ಯಾರ ಹೆಸರಲ್ಲಿದೆ, ಎಷ್ಟು ಬಾಕಿ ಇದೆ

ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ನಾಲ್ಕೂ ಜಿಲ್ಲೆ ಮೆಸ್ಕಾಂಗೆ, ಅಂದರೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ, ಸೇರಿವೆ. ಹಾಗಾಗಿ ತೀರ್ಥಹಳ್ಳಿಯಲ್ಲಿದ್ದರೂ ಕೊಪ್ಪದಲ್ಲಿದ್ದರೂ ಶಂಕರಘಟ್ಟದ ಹತ್ತಿರ ರೂಮ್ ಮಾಡಿದ್ದರೂ ಕ್ರಮ ಒಂದೇ. ವಿದ್ಯಾರ್ಥಿಗಳ ಬಾಡಿಗೆ ಮನೆಯಲ್ಲಿ ಮೀಟರ್ ಸಾಮಾನ್ಯವಾಗಿ ಓನರ್ ಹೆಸರಲ್ಲೇ ಇರುತ್ತದೆ, ಕೆಲವು ಸಲ ತೀರಿಹೋದ ಅವರ ತಂದೆಯ ಹೆಸರಲ್ಲೂ ಇರುತ್ತದೆ. ಕಂಪನಿಗೆ ಗೊತ್ತಿರುವುದು ಆ ಹೆಸರು, ಆ ಮೀಟರ್ ಅಷ್ಟೇ. ಒಳಗೆ ಯಾರಿದ್ದರು, ಯಾರು ಗೀಸರ್ ಆಫ್ ಮಾಡದೆ ಮಲಗಿದರು ಅನ್ನುವುದು ಅದಕ್ಕೆ ಬೇಡದ ವಿಷಯ. ಬಾಕಿ ಉಳಿದರೆ ಹೊಡೆತ ಬೀಳುವುದು ಮನೆಗೆ, ಅಂದರೆ ಓನರ್‌ಗೆ. ಅವರು ಅಷ್ಟೊಂದು ಸಲ ಫೋನ್ ಮಾಡುವುದು ಅದಕ್ಕೇ. ಸಿಟ್ಟು ಮಾಡಿಕೊಳ್ಳಬೇಡಿ.

ಹಳೆ ಬಿಲ್ಲಿನ ಒಂದು ಫೋಟೊ ಇದ್ದರೂ ಸಾಕು, ಅದರಲ್ಲಿ ಆರ್.ಆರ್. ನಂಬರ್ (ಆ ಮನೆಯ ಕರೆಂಟ್ ಸಂಪರ್ಕದ ಗುರುತು ಸಂಖ್ಯೆ) ಮತ್ತು ಅಕೌಂಟ್ ಐಡಿ ಇರುತ್ತದೆ. ಫೋನ್‌ಪೇ, ಗೂಗಲ್ ಪೇ ತರದ ಯಾವುದೇ ಆ್ಯಪ್‌ನಲ್ಲಿ ಕರೆಂಟ್ ಬಿಲ್ ವಿಭಾಗಕ್ಕೆ ಹೋಗಿ, ಮೆಸ್ಕಾಂ ಆರಿಸಿ, ಅಕೌಂಟ್ ಐಡಿ ಹಾಕಿದರೆ ಹೆಸರು ಮತ್ತು ಈಗ ಕಟ್ಟಬೇಕಾದ ಮೊತ್ತ ಬರುತ್ತದೆ. ಇದಕ್ಕೆ ಓನರ್ ಒಪ್ಪಿಗೆ ಬೇಕಿಲ್ಲ, ಊರಲ್ಲೇ ಇರಬೇಕು ಅಂತಲೂ ಇಲ್ಲ. "ಎರಡು ಸಾವಿರ ಅಂತೆ, ಮೂರು ಸಾವಿರ ಅಂತೆ" ಅನ್ನುವ ಅಂತೆಕಂತೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಅಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ. ಈ ತಿಂಗಳದ್ದು ಎಷ್ಟು, ಹಿಂದಿನ ಬಾಕಿ ಎಷ್ಟು ಅಂತ ಬಿಡಿಸಿ ನೋಡಲು ಬಿಲ್ಲಿನ ಚೀಟಿಯೇ ಬೇಕು.

ಆ ಚೀಟಿಯ ಕಥೆ ನಿಮಗೆ ಗೊತ್ತಲ್ವಾ. ಮೀಟರ್ ರೀಡರ್ ಬಂದು ಕೈಯಲ್ಲಿರುವ ಮಷಿನ್‌ನಿಂದ ಹರಿದು, ಗೇಟಿನ ಸಂದಿಗೋ ಮೀಟರ್ ಬೋರ್ಡಿನ ಹಿಂದಕ್ಕೋ ಸಿಕ್ಕಿಸಿ ಹೋಗುತ್ತಾರೆ. ಜೂನ್ ಮಳೆಗೆ ಅದು ನೆನೆದು ಮುದ್ದೆಯಾಗುತ್ತದೆ. ನೆನೆಯದಿದ್ದರೂ ಆ ಕಾಗದದ ಮೇಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ಸಿಕ್ಕ ದಿನವೇ ಫೋಟೊ ತೆಗೆದು ಮನೆಯ ಗ್ರೂಪಿಗೆ ಹಾಕಿ. ಚೀಟಿಯೇ ಸಿಗದಿದ್ದರೆ ಆರ್.ಆರ್. ನಂಬರ್ ಹಿಡಿದು ಮೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ ಲೆಕ್ಕ ಕೇಳಬಹುದು, ಓನರ್ ಜೊತೆಗಿದ್ದರೆ ಕೆಲಸ ಸಲೀಸು. ಸಹಾಯವಾಣಿ 1912.

ಒಂದು ವಿಷಯ ಗಮನಿಸಿ. ರಜೆಯಲ್ಲಿ ಮನೆಗೆ ಬೀಗ ಹಾಕಿ, ಮೀಟರ್ ಒಳಗಡೆ ಇದ್ದರೆ ರೀಡರ್‌ಗೆ ಅಂಕಿ ಸಿಗುವುದಿಲ್ಲ. ಆಗ ಸರಾಸರಿ ಲೆಕ್ಕದಲ್ಲಿ ಬಿಲ್ ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ತಿಂಗಳಿಗೆ ದೊಡ್ಡ ಬಿಲ್ ಬಂತು ಅಂತ ಹೌಹಾರಬೇಡಿ. ಮುಂದೆ ನಿಜವಾದ ರೀಡಿಂಗ್ ಸಿಕ್ಕಾಗ ಹೊಂದಾಣಿಕೆ ಆಗುತ್ತದೆ. ಆ ಹೊಂದಾಣಿಕೆ ಆಗುವ ಮೊದಲೇ ಪಾಲು ಹಾಕಿ ಕೈತೊಳೆದುಕೊಂಡರೆ ಆಮೇಲೆ ಮತ್ತೆ ಎಲ್ಲರನ್ನೂ ಹುಡುಕಬೇಕಾಗುತ್ತದೆ.

ಬೀಗ ಕೊಡುವ ದಿನದ ಮೀಟರ್ ಫೋಟೊ

ಇನ್ನೂ ಮನೆ ಬಿಟ್ಟಿಲ್ಲ ಅಂದರೆ ಈ ಒಂದು ಕೆಲಸ ತಪ್ಪಿಸಬೇಡಿ. ಈಗಿನ ಮೀಟರ್‌ಗಳಲ್ಲಿ ಪರದೆ ಮೇಲೆ ಒಂದಾದ ಮೇಲೊಂದು ಅಂಕಿ ಬರುತ್ತಲೇ ಇರುತ್ತದೆ: ತಾರೀಕು, ಸಮಯ, ಲೋಡ್, ಯೂನಿಟ್. ಸ್ವಲ್ಪ ಕಾದು, ಪಕ್ಕದಲ್ಲಿ ಕಿಲೋವ್ಯಾಟ್-ಅವರ್ ಗುರುತು ಇರುವ ಅಂಕಿ ಬಂದಾಗ ಕ್ಲಿಕ್ ಮಾಡಿ. ಅದೇ ಫೋಟೊದಲ್ಲಿ ಮೀಟರ್‌ನ ಸೀರಿಯಲ್ ನಂಬರ್ ಕೂಡ ಕಾಣಲಿ, ಇಲ್ಲದಿದ್ದರೆ "ಇದು ಕೆಳಗಿನ ಮನೆ ಮೀಟರ್ ಇರಬಹುದು" ಅನ್ನುವ ಮಾತು ಬರುತ್ತದೆ. ಹಳೆ ಚಕ್ರದ ಮೀಟರ್ ಆದರೆ ಕೊನೆಯ ಕೆಂಪು ಅಂಕಿ ದಶಾಂಶ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬಿಲ್ಲು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ನೀವು 31ಕ್ಕೆ ಹೊರಡುತ್ತೀರಿ, ರೀಡರ್ ಬರುವುದು 8ಕ್ಕೆ. ಹಿಂದಿನ ಬಿಲ್ಲಲ್ಲಿ 4,710 ಇತ್ತು, ನೀವು ಹೊರಟ ದಿನ 4,812, ಹೊಸ ಬಿಲ್ಲಲ್ಲಿ 4,830 ಅಂತಿಟ್ಟುಕೊಳ್ಳಿ. ಒಟ್ಟು 120 ಯೂನಿಟ್‌ನಲ್ಲಿ ನಿಮ್ಮದು 102, ಉಳಿದ 18 ಸುಣ್ಣ ಬಣ್ಣ ಮಾಡಿಸಿದ ಓನರ್‌ದೋ ಹೊಸದಾಗಿ ಬಂದವರದೋ. ಫೋಟೊ ಇಲ್ಲದಿದ್ದರೆ 120 ಕೂಡ ನಿಮ್ಮ ತಲೆಗೇ. 2024ರಿಂದ ರಾಜ್ಯದಲ್ಲಿ ಮನೆ ಬಳಕೆಗೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. ಹಾಗಾಗಿ ಹೀಗೆ ಭಾಗ ಮಾಡುವುದು ಈಗ ಸುಲಭ.

ಫೋಟೊ ತೆಗೆದ ಕೂಡಲೇ ಓನರ್‌ಗೆ ಇಷ್ಟು ಬರೆದು ಹಾಕಿ:

"ಅಂಕಲ್, ನಮಸ್ತೆ. ಮೇಲಿನ ಮನೆ ಹುಡುಗರು. ಇವತ್ತು ಮನೆ ಖಾಲಿ ಮಾಡಿ ಬೀಗ ಆಂಟಿ ಕೈಗೆ ಕೊಟ್ಟಿದೀವಿ. ಮೀಟರ್ 4,812 ಇದೆ, ಫೋಟೊ ಕಳಿಸಿದೀನಿ. ಇಲ್ಲಿವರೆಗಿಂದು ನಮ್ಮದು. ಬಿಲ್ ಬಂದಾಗ ಒಂದು ಫೋಟೊ ಹಾಕಿ ಅಂಕಲ್, ಕಟ್ಟಿಬಿಡ್ತೀವಿ."

ಸಬ್ ಮೀಟರ್ ಇರುವ ಮನೆಗಳದ್ದು ಬೇರೆ ಕಥೆ. ಒಂದೇ ದೊಡ್ಡ ಮೀಟರ್‌ನಿಂದ ನಾಲ್ಕು ರೂಮಿಗೆ ಲೈನ್ ಎಳೆದು, ಯೂನಿಟ್‌ಗೆ ಇಷ್ಟು ಅಂತ ಓನರ್ ವಸೂಲಿ ಮಾಡುತ್ತಾರೆ. ಅಲ್ಲಿ ಆ್ಯಪ್‌ನಲ್ಲಿ ನಿಮ್ಮ ಬಾಕಿ ಕಾಣುವುದಿಲ್ಲ, ಓನರ್ ಪುಸ್ತಕವೇ ದಾಖಲೆ. ಪ್ರತಿ ತಿಂಗಳ ರೀಡಿಂಗ್ ನೀವೂ ಬರೆದಿಟ್ಟುಕೊಳ್ಳಿ.

ಗೃಹಜ್ಯೋತಿ ಇದ್ದ ಮನೆಯಲ್ಲಿ ಬಿಲ್ ಬಂದದ್ದು ಹೇಗೆ?

"ಸೊನ್ನೆ ಬಿಲ್ ಬರ್ತಿತ್ತು, ಕೊನೆ ತಿಂಗಳು ಮಾತ್ರ ಇಷ್ಟೊಂದು ಬಂದಿದೆ, ಏನೋ ಮೋಸ" ಅನ್ನುವವರು ತುಂಬ ಜನ. ಮೋಸ ಇರಲಿಕ್ಕಿಲ್ಲ. 2023ರ ಜುಲೈ ಬಳಕೆಯಿಂದ ಶುರುವಾದ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. ಆ ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ ಒಂಚೂರು, ಅಷ್ಟು ಮಾತ್ರ ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ನಾಲ್ಕು ಜನರ ಮನೆಯಲ್ಲಿ 200 ದಾಟುವುದೇನು ದೊಡ್ಡ ವಿಷಯವಲ್ಲ. 2,000 ವಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಒಂದೂವರೆ ಗಂಟೆ ಅಂದರೆ ಮೂರು ಯೂನಿಟ್, ತಿಂಗಳಿಗೆ ಗೀಸರ್ ಒಂದೇ 90 ಯೂನಿಟ್. ಮಳೆಗಾಲದಲ್ಲಿ ಇದರ ಮೇಲೆ ಒದ್ದೆ ಬಟ್ಟೆಗೆ ಇಸ್ತ್ರಿ, ರಾತ್ರಿಯಿಡೀ ಫ್ಯಾನ್ ಹಾಕಿ ಜೀನ್ಸ್ ಒಣಗಿಸುವುದು, ಇಂಡಕ್ಷನ್ ಮೇಲೆ ಅನ್ನ. ಮಲೆನಾಡಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಡೆ ಒಲೆ ಇರುವ ಹಳೆ ಮನೆ ಹಿಡಿದ ಹುಡುಗರ ಬಿಲ್ ಎಷ್ಟು ಕಡಿಮೆ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಹಾಗಾಗಿ ಕೊನೆ ತಿಂಗಳ ದೊಡ್ಡ ಬಿಲ್ಲಿಗೆ ಒಬ್ಬನನ್ನೇ ಕಾರಣ ಮಾಡಬೇಡಿ. 201ನೇ ಯೂನಿಟ್ ಉರಿಸಿದ್ದು ಯಾರು ಅಂತ ಯಾವ ಮೀಟರೂ ಹೇಳುವುದಿಲ್ಲ.

ನೀವು ಬಾಡಿಗೆದಾರರಾಗಿ ನಿಮ್ಮ ಆಧಾರ್ ಕೊಟ್ಟು ಗೃಹಜ್ಯೋತಿ ಮಾಡಿಸಿದ್ದರೆ ಮನೆ ಬಿಟ್ಟ ಮೇಲೆ ಅದನ್ನು ಬಿಡಿಸಿಕೊಳ್ಳಬೇಕು. ಒಂದು ಆಧಾರ್‌ಗೆ ಒಂದೇ ಮೀಟರ್. ಹಳೆ ಆರ್.ಆರ್. ನಂಬರ್‌ಗೆ ಅಂಟಿಕೊಂಡೇ ಇದ್ದರೆ ಹೊಸ ಊರಲ್ಲಿ ಅರ್ಜಿ ಹಾಕಲು ಆಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಸೌಲಭ್ಯ ಇದೆ, 2024ರಲ್ಲಿ ಬಂದದ್ದು. ಕೂತಲ್ಲೇ ಆಗುವ ಕೆಲಸ.

ಪಾಲು ಹಾಕುವುದು

ಎಲ್ಲರೂ ಒಂದೇ ದಿನ ಬಿಟ್ಟಿದ್ದರೆ ತಲೆಗೆ ಇಷ್ಟು ಅಂತ ಹಂಚಿ ಮುಗಿಸಿ. ಕಷ್ಟ ಬರುವುದು ಒಬ್ಬೊಬ್ಬರೂ ಒಂದೊಂದು ದಿನ ಹೋದಾಗ. ಆಗ ಇದ್ದ ದಿನಗಳ ಲೆಕ್ಕವೇ ನ್ಯಾಯ.

ಮೇ ತಿಂಗಳ ಬಿಲ್ 2,200 ರೂಪಾಯಿ ಅಂದುಕೊಳ್ಳಿ. ಇಬ್ಬರು ಪೂರ್ತಿ 31 ದಿನ ಇದ್ದರು, ಒಬ್ಬ 16 ದಿನ, ಇನ್ನೊಬ್ಬ 10 ದಿನ. ಕೂಡಿದರೆ 88. ಬಿಲ್ಲಲ್ಲಿ ನಿಗದಿತ ಶುಲ್ಕ ಅಂತ ಒಂದು ಮೊತ್ತ ಇರುತ್ತದೆ. ಅದು ಮನೆಗೆ ಮಂಜೂರಾದ ಕಿಲೋವ್ಯಾಟ್ ಮೇಲೆ ಬೀಳುತ್ತದೆ, ಒಂದು ಬಲ್ಬ್ ಹಾಕದಿದ್ದರೂ ಬರುತ್ತದೆ. ಅದು 440 ಇದೆ ಅಂತಿಟ್ಟುಕೊಂಡರೆ ತಲೆಗೆ 110. ಉಳಿದ 1,760ನ್ನು 88ರಿಂದ ಭಾಗಿಸಿದರೆ ದಿನಕ್ಕೆ 20. ಪೂರ್ತಿ ಇದ್ದವರಿಗೆ 730, 730. ಹದಿನಾರು ದಿನ ಇದ್ದವನಿಗೆ 430. ಹತ್ತು ದಿನದವನಿಗೆ 310. ಕೂಡಿ ನೋಡಿ, ಸರಿಯಾಗಿ 2,200.

ನೆಂಟರು ಬಂದು ಮೂರು ದಿನ ಉಳಿದದ್ದು, ಒಬ್ಬನ ಗೇಮಿಂಗ್ ಲ್ಯಾಪ್‌ಟಾಪ್, ಇನ್ನೊಬ್ಬ ವೀಕೆಂಡ್ ಊರಿಗೆ ಹೋಗಿದ್ದು, ಇದನ್ನೆಲ್ಲ ಎಳೆಯಬೇಡಿ. ಐವತ್ತು ರೂಪಾಯಿ ಉಳಿಸಲು ಹೋಗಿ ಲೆಕ್ಕ ಮುಗಿಯುವುದೇ ಇಲ್ಲ.

ಮೊದಲು ಕಟ್ಟಿ, ಆಮೇಲೆ ಕೇಳಿ

ಗೆಳೆಯರೆಲ್ಲ ದುಡ್ಡು ಹಾಕಿದ ಮೇಲೆ ಕಟ್ಟುತ್ತೇನೆ ಅಂತ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಬಾಕಿಗೆ ಬಡ್ಡಿ ಸೇರುತ್ತದೆ. ಕಟ್ಟದೇ ಬಿಟ್ಟರೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಟ್ಟು ಲೈನ್ ಕಟ್ ಮಾಡಬಹುದು. ಕಟ್ ಆದರೆ ಮತ್ತೆ ಜೋಡಿಸುವ ಶುಲ್ಕ ಬೇರೆ. ಅದೂ ನಿಮ್ಮ ಅಡ್ವಾನ್ಸ್‌ನಿಂದಲೇ ಹೋಗುತ್ತದೆ. ಎರಡು ವರ್ಷ ದಾಟಿದರೆ ವಸೂಲಿ ಮಾಡುವ ಹಾಗಿಲ್ಲ ಅಂತ ಅದೇ ಕಲಂನಲ್ಲಿ ಇದೆ ಅಂತ ಯಾರಾದರೂ ಹೇಳಬಹುದು. ಇದೆ, ಆದರೆ ಬಾಕಿಯನ್ನು ಬಿಲ್ಲಿನಲ್ಲಿ ತಪ್ಪದೆ ತೋರಿಸುತ್ತಾ ಬಂದಿದ್ದರೆ ಆ ರಕ್ಷಣೆ ಇಲ್ಲ. ಕಂಪ್ಯೂಟರ್ ಬಿಲ್ಲಿನಲ್ಲಿ ಬಾಕಿ ಪ್ರತಿ ತಿಂಗಳೂ ಬಂದೇ ಬರುತ್ತದೆ. ಅದನ್ನು ನಂಬಿ ಕೂರಬೇಡಿ.

ಒಬ್ಬರ ಕೈಯಲ್ಲೇ ಅಷ್ಟು ದುಡ್ಡಿಲ್ಲದಿದ್ದರೆ, ಮಂಗಳವಾರದೊಳಗೆ ಇಷ್ಟು ಬಂದರೆ ಕಟ್ಟುತ್ತೇನೆ ಅಂತ ಗ್ರೂಪಿನಲ್ಲಿ ಹಾಕಿ, ಬಂದಷ್ಟಕ್ಕೆ ನಿಮ್ಮದು ಸೇರಿಸಿ ಕಟ್ಟಿ. ಆನ್‌ಲೈನ್‌ನಲ್ಲಿ, ಮೆಸ್ಕಾಂ ಕೌಂಟರ್‌ನಲ್ಲಿ, ಕರ್ನಾಟಕ ಒನ್‌ನಲ್ಲಿ ಎಲ್ಲಾದರೂ ಆಗುತ್ತದೆ. ಓನರ್ ಕೈಗೆ ನಗದು ಕೊಡುವುದಕ್ಕಿಂತ ನೇರ ಬಿಲ್ಲಿಗೇ ಕಟ್ಟುವುದು ಒಳ್ಳೆಯದು. ರಸೀದಿ ತಾನಾಗಿ ಸಿಗುತ್ತದೆ.

ಇದೇ ಸಮಯದಲ್ಲಿ "ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರ್‌ಗೆ ಕರೆ ಮಾಡಿ" ಅಂತ ಮೆಸೇಜ್ ಬಂದರೆ ಅದು ಕಳ್ಳರದ್ದು. ಬಾಕಿ ಇರುವುದು ನಿಜವೇ ಆಗಿರುವುದರಿಂದ ನಂಬುವುದು ಸುಲಭ. ಆ ನಂಬರ್‌ಗೆ ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗೆಳೆಯನನ್ನು ಕೇಳುವ ರೀತಿ

ಕಟ್ಟಿದ ದಿನವೇ ಕೇಳಿ. ತಿಂಗಳು ಬಿಟ್ಟು ಕೇಳಿದರೆ ನಿಮಗೂ ಮುಜುಗರ, ಅವನಿಗೂ ನೆನಪಿರುವುದಿಲ್ಲ. ಗ್ರೂಪಿನಲ್ಲಿ ಬಿಲ್, ರಸೀದಿ, ಲೆಕ್ಕ ಮೂರನ್ನೂ ಹಾಕಿ, ಆಮೇಲೆ ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಿರಿ. ಗ್ರೂಪಿನಲ್ಲೇ ಹೆಸರು ಹಿಡಿದು ಕೇಳಿದರೆ ದುಡ್ಡಿಗಿಂತ ಮಾನದ ಪ್ರಶ್ನೆ ಆಗಿಬಿಡುತ್ತದೆ.

"ಮಗಾ, ಮೇ ಬಿಲ್ 2,200 ಬಂದಿತ್ತು, ಇವತ್ತು ಕಟ್ಟಿದೆ. ನೀನಿದ್ದಿದ್ದು 16 ದಿನ, ನಿನ್ನ ಪಾಲು 430. ಲೆಕ್ಕದಲ್ಲಿ ಏನಾದ್ರೂ ತಪ್ಪಿದ್ರೆ ಹೇಳು. ಭಾನುವಾರದೊಳಗೆ ಹಾಕ್ಬಿಡು ಮಾರಾಯ."

"ಎಷ್ಟಾದ್ರೂ ಹಾಕು, ನಿಂಗೆ ಗೊತ್ತಲ್ಲ" ಅಂತ ಬರೆದರೆ ಅದು ಕೇಳಿದ ಹಾಗಲ್ಲ. ಮೊತ್ತ ಇರಬೇಕು, ದಿನ ಇರಬೇಕು. ಅವನು "ಸರಿ, ಸಂಬಳ ಬಂದ ಮೇಲೆ ಹಾಕ್ತೀನಿ" ಅಂದರೆ ಅದೂ ಬರವಣಿಗೆಯಲ್ಲಿ ಉಳಿಯುತ್ತದೆ, ಮುಂದೆ ಬೇಕಾದರೆ ಅದೇ ಸಾಕ್ಷಿ. ಯುಪಿಐನಲ್ಲಿ ಹಾಕುವಾಗ ಷರಾ ಜಾಗದಲ್ಲಿ "ಮೇ ಕರೆಂಟ್" ಅಂತ ಬರೆಯಲು ಹೇಳಿ. ನಿಜವಾಗಿ ಕಷ್ಟದಲ್ಲಿರುವವನು ಯಾರು, ಸುಮ್ನೆ ಜಾರಿಕೊಳ್ಳುತ್ತಿರುವವನು ಯಾರು ಅಂತ ಜೊತೆಗಿದ್ದ ನಿಮಗೆ ಗೊತ್ತಿರುತ್ತದೆ. ಮೊದಲನೆಯವನಿಗೆ ಎರಡು ಕಂತು ಮಾಡಿಕೊಡಿ.

ಅಡ್ವಾನ್ಸ್

ಕೊನೆಗೆ ಎಲ್ಲ ಬಂದು ನಿಲ್ಲುವುದು ಇಲ್ಲೇ. ಓನರ್ ಬಾಕಿ ಬಿಲ್ಲನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ, ಅಗ್ರಿಮೆಂಟ್‌ನಲ್ಲೂ ಸಾಮಾನ್ಯವಾಗಿ ಹಾಗೇ ಬರೆದಿರುತ್ತದೆ. ಮುರಿದುಕೊಳ್ಳಲಿ, ಆದರೆ ಬಿಲ್ ತೋರಿಸಿ ಮುರಿದುಕೊಳ್ಳಲಿ. "ಕರೆಂಟು, ನೀರು, ಕ್ಲೀನಿಂಗ್ ಎಲ್ಲಾ ಸೇರಿ ಐದು ಸಾವಿರ" ಅಂದರೆ ಒಪ್ಪಬೇಡಿ. ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸಿ ಅಂಕಲ್ ಅಂತ ಮರ್ಯಾದೆಯಿಂದಲೇ ಕೇಳಿ.

ಒಳಗಿನ ಸಮಸ್ಯೆ ಇನ್ನೊಂದಿದೆ. ಅಡ್ವಾನ್ಸ್ ನಾಲ್ಕು ಜನ ಸೇರಿ ಕೊಟ್ಟದ್ದು, ವಾಪಸ್ ಬರುವುದು ಒಬ್ಬನ ಖಾತೆಗೆ. ಯಾರ ಬಾಕಿಗೆ ಎಷ್ಟು ಹೋಯಿತೋ ಅದನ್ನು ಅವನ ಪಾಲಿನಲ್ಲೇ ಕಳೆಯಿರಿ. ಬಿಲ್ ಕಟ್ಟದವನ ಪಾಲು ನಿಮ್ಮ ಕೈಗೇ ಬಂದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು, ಲೆಕ್ಕ ತೋರಿಸಿ ಮಿಕ್ಕಿದ್ದು ಕೊಡಿ. ಇನ್ನು, ಬಿಲ್ಲಿನ ಮೇಲೆ ಭದ್ರತಾ ಠೇವಣಿ ಅಂತ ಕಂಡರೆ ಅದು ಮೀಟರ್‌ಗೆ ಓನರ್ ಇಟ್ಟ ದುಡ್ಡು. ನಿಮ್ಮ ಅಡ್ವಾನ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ನೀರು, ವೈಫೈ, ಗ್ಯಾಸ್

ನೀರಿನ ಬಿಲ್ಲೂ ಓನರ್ ಹೆಸರಲ್ಲೇ ಇರುತ್ತದೆ, ಬಹಳ ಕಡೆ ತಲೆಗಿಷ್ಟು ಅಂತ ಬಾಡಿಗೆ ಜೊತೆಗೇ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದ್ದರೆ ಆ ಬಾಕಿ ಕೇಳಿ ನೋಡಿ, ಅದು ಎಲ್ಲರೂ ಮರೆಯುವಂಥದ್ದು.

ವೈಫೈ ಮಾತ್ರ ಹುಷಾರು. ಅದು ನಿಮ್ಮಲ್ಲೇ ಒಬ್ಬನ ಹೆಸರಲ್ಲಿ, ಅವನ ಆಧಾರ್ ಮೇಲೆ ಇರುತ್ತದೆ. ಮನೆ ಖಾಲಿ ಆದರೂ ಕನೆಕ್ಷನ್ ತಾನಾಗಿ ನಿಲ್ಲುವುದಿಲ್ಲ, ಬಿಲ್ ಏರುತ್ತಾ ಹೋಗುತ್ತದೆ. ಬಿ.ಎಸ್.ಎನ್.ಎಲ್. ಆಗಲಿ ಲೋಕಲ್ ಕೇಬಲ್‌ನವರಾಗಲಿ, ಸರೆಂಡರ್ ಅರ್ಜಿ ಬರೆದು ಕೊಡಿ, ಬಾಕ್ಸ್ ವಾಪಸ್ ಮಾಡಿ, ಎರಡಕ್ಕೂ ಸ್ವೀಕೃತಿ ತೆಗೆದುಕೊಳ್ಳಿ. ಬಾಕ್ಸ್ ಕೊಟ್ಟ ದಿನದವರೆಗಿನ ಬಿಲ್ಲನ್ನು ಎಲ್ಲರಿಗೂ ಹಂಚಿ. ಹೆಸರು ಕೊಟ್ಟ ಪಾಪಕ್ಕೆ ಅವನೊಬ್ಬನೇ ಕಟ್ಟುವುದು ಅನ್ಯಾಯ.

ಗ್ಯಾಸ್ ಕನೆಕ್ಷನ್ ಒಬ್ಬನ ಹೆಸರಲ್ಲಿ ಇದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ ಸಿಗುತ್ತದೆ. 2022ರ ಜೂನ್‌ನಿಂದ 14.2 ಕೆಜಿ ಸಿಲಿಂಡರ್‌ಗೆ ಠೇವಣಿ 2,200 ರೂಪಾಯಿ. ಅದಕ್ಕಿಂತ ಮೊದಲು ಮಾಡಿಸಿದ್ದರೆ ಆಗ ಚೀಟಿಯಲ್ಲಿ ಬರೆದಷ್ಟೇ ಬರುತ್ತದೆ. ಅರ್ಧ ಸಿಲಿಂಡರ್ ಉಳಿದಿದೆ, ಅದರ ಬೆಲೆ ಎಷ್ಟು ಅಂತ ವಾದ ಬಂದರೆ ತೂಕ ಹಾಕಿ. ಖಾಲಿ ಸಿಲಿಂಡರ್‌ನ ತೂಕ ಅದರ ಕುತ್ತಿಗೆ ಸುತ್ತಲಿನ ಪಟ್ಟಿಯ ಮೇಲೆ ಬರೆದಿರುತ್ತದೆ. ಈಗಿನ ತೂಕದಲ್ಲಿ ಅದನ್ನು ಕಳೆದರೆ ಉಳಿದ ಗ್ಯಾಸ್ ಎಷ್ಟು ಕೆಜಿ ಅಂತ ಸಿಗುತ್ತದೆ.

ಆದರೂ ಒಬ್ಬ ಕೊಡದಿದ್ದರೆ

ಅಗ್ರಿಮೆಂಟ್‌ಗೆ ಎಲ್ಲರೂ ಸಹಿ ಹಾಕಿದ್ದರೆ ಓನರ್ ಪೂರ್ತಿ ದುಡ್ಡನ್ನು ನಿಮ್ಮಲ್ಲಿ ಯಾರೊಬ್ಬನಿಂದಲೂ ಕೇಳಬಹುದು. "ನನ್ನ ಪಾಲು ನಾನು ಕೊಟ್ಟಿದ್ದೇನೆ" ಅನ್ನುವುದು ಅವರ ಮುಂದೆ ನಡೆಯುವುದಿಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಂ ಹೀಗೆ ಹೇಳುತ್ತದೆ. ಅದೇ ಕಲಂನ ಇನ್ನೊಂದು ಭಾಗ ನಿಮ್ಮ ಪರ ಇದೆ. ಪೂರ್ತಿ ಕಟ್ಟಿದವನು ಉಳಿದವರಿಂದ ಅವರವರ ಪಾಲು ವಸೂಲಿ ಮಾಡಬಹುದು. ಒಬ್ಬ ಕೊಡಲಾಗದೆ ಕೈಚೆಲ್ಲಿದರೆ ಆ ನಷ್ಟವನ್ನು ಮಿಕ್ಕವರು ಸಮನಾಗಿ ಹೊರಬೇಕು. ಅಂದರೆ ಬಿಲ್ ಕಟ್ಟಿದ ಒಬ್ಬನ ಮೇಲೇ ಪೂರ್ತಿ ಹೊರೆ ಬಿಡುವುದು ಉಳಿದಿಬ್ಬರಿಗೂ ಸಲ್ಲದು. ಅಗ್ರಿಮೆಂಟ್‌ನಲ್ಲಿ ಒಬ್ಬನದೇ ಸಹಿ ಇದ್ದರೆ ಓನರ್‌ಗೆ ಅವನೊಬ್ಬನೇ ಜವಾಬ್ದಾರ. ಉಳಿದವರು ಪಾಲು ಒಪ್ಪಿದ್ದಕ್ಕೆ ವಾಟ್ಸಾಪ್ ಮಾತುಕತೆ, ಹಿಂದಿನ ತಿಂಗಳುಗಳಲ್ಲಿ ಹಾಕಿದ ಯುಪಿಐ ದಾಖಲೆ ಇವೇ ಸಾಕ್ಷಿ.

ಐದುನೂರು ರೂಪಾಯಿಗೆ ಕೋರ್ಟಿಗೆ ಯಾರೂ ಹೋಗುವುದಿಲ್ಲ, ಹೋಗಲೂ ಬಾರದು. ಎರಡು ಸಲ ಸ್ಪಷ್ಟವಾಗಿ ಕೇಳಿ, ಬರದಿದ್ದರೆ ಬಿಟ್ಟುಬಿಡಿ, ಮುಂದೆ ಅವನ ಜೊತೆ ದುಡ್ಡಿನ ವ್ಯವಹಾರ ಬೇಡ ಅಷ್ಟೇ. ಅವನ ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳುವುದು ನನಗೆ ಇಷ್ಟವಾಗದ ದಾರಿ, ಆದರೆ ಕೆಲವು ಕಡೆ ಅದೇ ನಡೆಯುತ್ತದೆ.

ಮೊತ್ತ ದೊಡ್ಡದಾಗಿದ್ದರೆ, ಅಥವಾ ಓನರ್ ಲೆಕ್ಕ ಕೊಡದೆ ಇಡೀ ಅಡ್ವಾನ್ಸ್ ಹಿಡಿದುಕೊಂಡಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಶಿವಮೊಗ್ಗದಲ್ಲಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿದೆ, ತಾಲೂಕುಗಳಲ್ಲಿ ಸಮಿತಿಗಳಿವೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ, ಶುಲ್ಕ ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ದುಡ್ಡಿನ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಹೋಗುವಾಗ ಅಗ್ರಿಮೆಂಟ್ ನಕಲು, ಬಿಲ್ ಮತ್ತು ರಸೀದಿ, ಬೀಗ ಕೊಟ್ಟ ದಿನದ ಮೀಟರ್ ಫೋಟೊ, ಮೆಸೇಜ್‌ಗಳ ಪ್ರಿಂಟ್ ತೆಗೆದುಕೊಂಡು ಹೋಗಿ. ಫೋನ್ ತೋರಿಸಿದರೆ ಸಾಲದು, ಕಾಗದದಲ್ಲೇ ಕೇಳುತ್ತಾರೆ.